ಕಾಲು ತೆಗೆದ ನಾಯಿ ಮನೆಗೆ ಬಂದಾಗ: ನೆಲದಿಂದ ಶುರುವಾಗುವ ಆರೈಕೆ

ಚುಕ್ಕಿಯ ಬಲ ಹಿಂಗಾಲನ್ನು ತೆಗೆದ ಮರುದಿನ ಅವಳನ್ನು ಮನೆಗೆ ಕರೆತರಬೇಕಿತ್ತು. ಹಿಂದಿನ ಸಂಜೆಯಿಡೀ ನಾನು ಹತ್ತಿ, ಬ್ಯಾಂಡೇಜು, ಮಾತ್ರೆಗಳ ಪಟ್ಟಿ ಎಂದು ಓಡಾಡಿದೆ. ಬೇಕಿದ್ದದ್ದು ಅದಲ್ಲ. ಮರುದಿನ ಅವಳು ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟಳು. ನುಣುಪು ನೆಲದ ಮೇಲೆ ಉಳಿದಿದ್ದ ಒಂದೇ ಹಿಂಗಾಲು ಸರ್ರನೆ ಪಕ್ಕಕ್ಕೆ ಜಾರಿತು. ಹೊಲಿಗೆ ಹಾಕಿದ ಬದಿಗೇ ಧೊಪ್ಪನೆ ಬಿದ್ದಳು. ಹೊಲಿಗೆ ಬಿಚ್ಚಿಕೊಳ್ಳಲಿಲ್ಲ, ನಮ್ಮ ಪುಣ್ಯ. ಆದರೆ ಆಮೇಲೆ ನಾಲ್ಕು ದಿನ ಆ ಕೋಣೆಗೆ ಬರಲು ಅವಳು ಒಪ್ಪಲೇ ಇಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ನೆಲದ ಮಾತು. ಔಷಧವನ್ನು ವೈದ್ಯರು ಬರೆದುಕೊಡುತ್ತಾರೆ, ನೆಲವನ್ನು ಯಾರೂ ಬರೆದುಕೊಡುವುದಿಲ್ಲ. ಎರಡನೆಯ ಮಾತು ಇದು: ಮೊದಲ ವಾರ ನಾಯಿ ನರಳುತ್ತದೆ, ನಾವು ಬೆನ್ನಿಗೆ ಬಿದ್ದು ಆರೈಕೆ ಮಾಡುತ್ತೇವೆ. ಎರಡನೆಯ ವಾರ ಅದು ಗೆಲುವಾಗುತ್ತದೆ, ನಾವು ಕೈಬಿಡುತ್ತೇವೆ. ಎಡವಟ್ಟುಗಳಾಗುವುದು ಆ ಎರಡನೆಯ ವಾರದಲ್ಲಿ.

ಇಲ್ಲಿರುವುದು ತೊಡಕಿಲ್ಲದೆ ಗುಣವಾಗುತ್ತಿರುವ ನಾಯಿಗೆ ಹೊಂದುವ ಕ್ರಮ. ನಿಮ್ಮ ಪಶುವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಲಿ.

ಹೆಜ್ಜೆ 1: ಮನೆಯನ್ನು ಅಣಿ ಮಾಡಿ

ನಾಯಿ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಈ ಕೆಲಸ ಮುಗಿಯಬೇಕು. ಅದು ಮಲಗುವ ಜಾಗ, ನೀರಿನ ಬಟ್ಟಲು, ಹೊರಗೆ ಹೋಗುವ ಬಾಗಿಲು, ಈ ಮೂರನ್ನೂ ಕೂಡಿಸುವ ಒಂದು ದಾರಿಯನ್ನು ಗೊತ್ತುಮಾಡಿಕೊಳ್ಳಿ. ಆ ದಾರಿಯುದ್ದಕ್ಕೂ ಕಾಲಿಗೆ ಹಿಡಿತ ಸಿಗುವ ಹಾಸು ಬೇಕು. ಯೋಗದ ಮ್ಯಾಟ್, ತಳಕ್ಕೆ ರಬ್ಬರ್ ಇರುವ ಹಾಸು, ಒಂದಕ್ಕೊಂದು ಸಿಕ್ಕಿಸಿ ಜೋಡಿಸುವ ರಬ್ಬರ್ ಚೌಕಗಳು, ಯಾವುದಾದರೂ ನಡೆಯುತ್ತದೆ. ತೆಳು ಬಟ್ಟೆಯ ಹಾಸು ಮಾತ್ರ ಬೇಡ. ಅದು ನಾಯಿಯ ಸಮೇತ ಜಾರುತ್ತದೆ, ಬರಿನೆಲಕ್ಕಿಂತ ಕೇಡು. ಎರಡು ಹಾಸುಗಳ ನಡುವೆ ಒಂದು ಮೊಳ ಬರಿನೆಲ ಉಳಿದರೂ ಕೆಲವು ನಾಯಿಗಳು ಅಲ್ಲೇ ನಿಂತು ನಿಮ್ಮ ಮುಖ ನೋಡುತ್ತವೆ, ಮುಂದೆ ಬರುವುದಿಲ್ಲ. ಅಂಚುಗಳು ಮೇಲೆದ್ದಿದ್ದರೆ ಅಂಟುಪಟ್ಟಿ ಹಾಕಿ ಕೂರಿಸಿ.

ಪಾದಗಳನ್ನೂ ನೋಡಿ. ಉಗುರು ಉದ್ದವಾಗಿದ್ದರೆ ಪಾದದ ಮೆತ್ತೆ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಮೆತ್ತೆಗಳ ನಡುವೆ ಬೆಳೆದ ಕೂದಲು ಕಾಲುಚೀಲ ತೊಟ್ಟಂತೆ ಜಾರಿಸುತ್ತದೆ. ಅರಿವಳಿಕೆಯಲ್ಲಿರುವಾಗಲೇ ಎರಡನ್ನೂ ಕತ್ತರಿಸಿಬಿಡಿ ಎಂದು ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಿಕೊಂಡರೆ ಮನೆಯಲ್ಲಿ ಒಂದು ಗುದ್ದಾಟ ತಪ್ಪುತ್ತದೆ.

ಹಾಸಿಗೆ ದಪ್ಪಗಿರಲಿ, ಆದರೆ ಗಟ್ಟಿ ಫೋಮಿನದಾಗಿರಲಿ. ತೀರಾ ಮೆತ್ತಗಿನ ಹಾಸಿಗೆಯಲ್ಲಿ ಹೂತುಹೋದ ನಾಯಿಗೆ ಮೂರು ಕಾಲಿನಲ್ಲಿ ಮೇಲೇಳುವುದು ಕಷ್ಟ. ಅಂಚು ತಗ್ಗಾಗಿರಬೇಕು, ಮೇಲೆ ನೀರು ಇಳಿಯದ ಹೊದಿಕೆ ಇರಬೇಕು, ಏಕೆಂದರೆ ಮೊದಲೆರಡು ದಿನ ಮಲಗಿದಲ್ಲೇ ಮೂತ್ರ ಹೋಗಿಬಿಡಬಹುದು. ಮೆಟ್ಟಿಲ ದಾರಿಗೆ ಅಡ್ಡಗೇಟು ಹಾಕಿ. ಸೋಫಾ, ಮಂಚಗಳ ಮೇಲೆ ಹಾರುವ ಅಭ್ಯಾಸವಿದ್ದರೆ ಆ ಕೋಣೆಗಳನ್ನು ಮುಚ್ಚಿಡಿ. ದೊಡ್ಡ ಮನೆಯಿದ್ದರೂ ಮೊದಲ ಎರಡು ವಾರ ನಾಯಿಯ ಲೋಕ ಒಂದು ಕೋಣೆ ಅಥವಾ ಒಂದು ಕಟಕಟೆಯಷ್ಟಿರಲಿ. ಅದು ಎದ್ದು, ತಿರುಗಿ, ಕಾಲು ಚಾಚಿ ಮಲಗಲು ಸಾಕಾದಷ್ಟು ಜಾಗ ಇದ್ದರಾಯಿತು.

ಕೊನೆಗೆ, ಒಂದು ಉದ್ದನೆಯ ಸ್ನಾನದ ಟವೆಲ್ಲನ್ನು ಬಾಗಿಲ ಪಕ್ಕದಲ್ಲಿ ನೇತುಹಾಕಿ. ಜೋಳಿಗೆಯಂತೆ ಹೊಟ್ಟೆಯಡಿ ಹಾಕಿ ಹಿಡಿಯಲು ಅದು ಸಾಕು. ಹಿಡಿಕೆಯಿರುವ ಎದೆಪಟ್ಟಿಯನ್ನು ಕೊಳ್ಳುವುದಾದರೆ ಗಾಯದ ಊತ ಇಳಿದ ಮೇಲೆ ಅಳತೆ ನೋಡಿ ಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮೊದಲಿನ ಅಳತೆ ಆಮೇಲೆ ಕೂಡುವುದಿಲ್ಲ.

ಮುಂಗಾಲೋ ಹಿಂಗಾಲೋ?

ನಿಂತ ನಾಯಿಯ ತೂಕದಲ್ಲಿ ಸುಮಾರು 60 ಪ್ರತಿಶತ ಮುಂಗಾಲುಗಳ ಮೇಲಿರುತ್ತದೆ, 40 ಪ್ರತಿಶತ ಹಿಂಗಾಲುಗಳ ಮೇಲೆ. ತಲೆ, ಕುತ್ತಿಗೆ, ಎದೆಗೂಡು ಎಲ್ಲವೂ ಮುಂದಿರುವುದೇ ಇದಕ್ಕೆ ಕಾರಣ. ಹಾಗಾಗಿ ಹಿಂಗಾಲು ಕಳೆದುಕೊಂಡ ನಾಯಿ ಹೊಂದಿಕೊಳ್ಳುವುದು ಸಾಮಾನ್ಯವಾಗಿ ಬೇಗ. ಹಿಂದೆ ಇರುವ ಒಂದೇ ಕಾಲನ್ನು ನಡುವಿಗೆ ತಂದುಕೊಂಡು, ಬಾಲವನ್ನು ತೂಗುಕೋಲಿನಂತೆ ಬಳಸಿಕೊಂಡು ಸಾಗುತ್ತದೆ. ಮುಂಗಾಲು ಹೋದರೆ ಪ್ರತಿ ಹೆಜ್ಜೆಗೂ ತಲೆ ಮೇಲೆತ್ತಿ ಕುಪ್ಪಳಿಸಬೇಕು. ಇಳಿಜಾರು, ಮೆಟ್ಟಿಲಿಳಿಯುವುದು, ಬಟ್ಟಲಿಗೆ ಬಗ್ಗುವುದು, ಇವೆಲ್ಲ ಅದಕ್ಕೆ ಹೊಸ ಪಾಠಗಳು. ಮುಂಗಾಲಿಲ್ಲದ ನಾಯಿಗೆ ಊಟದ ಮತ್ತು ನೀರಿನ ಬಟ್ಟಲುಗಳನ್ನು ಎದೆಯ ಮಟ್ಟಕ್ಕೆ ಎತ್ತರಿಸಿಡಿ. ಬಗ್ಗಿದಾಗ ಇಡೀ ಭಾರ ಒಂದೇ ಮುಂಗಾಲಿನ ಮಣಿಕಟ್ಟಿನ ಮೇಲೆ ಬೀಳುವುದು ತಪ್ಪುತ್ತದೆ.

ಗಾಯ ಪಾದದಲ್ಲಿದ್ದರೂ ಇಡೀ ಕಾಲನ್ನೇಕೆ ತೆಗೆದರು ಎಂದು ಅನೇಕರು ಕೇಳುತ್ತಾರೆ. ಅರ್ಧ ಕಾಲು ಉಳಿಸಿದರೆ ನಾಯಿ ಅದನ್ನು ನೆಲಕ್ಕೆ ಊರಲು ನೋಡುತ್ತದೆ, ತುದಿಯ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಆದ್ದರಿಂದ ಮುಂಗಾಲನ್ನು ಹೆಚ್ಚಾಗಿ ಭುಜದ ಹಲಗೆಯ ಸಮೇತ ತೆಗೆಯುತ್ತಾರೆ. ಹಿಂಗಾಲನ್ನು ತೊಡೆಯ ಮೇಲ್ಭಾಗದಲ್ಲಿ ಇಲ್ಲವೇ ಸೊಂಟದ ಕೀಲಿನಲ್ಲೇ ಬಿಡಿಸುತ್ತಾರೆ. ಕೃತಕ ಕಾಲು ಕೂರಿಸಲು ಸಾಕಷ್ಟು ಮೋಟು ಉಳಿಯದಿರುವುದಕ್ಕೂ ಇದೇ ಕಾರಣ. ಹೆಚ್ಚಿನ ನಾಯಿಗಳಿಗೆ ಅದರ ಅಗತ್ಯವೂ ಬೀಳುವುದಿಲ್ಲ.

ಹೆಜ್ಜೆ 2: ಪ್ರಯಾಣ ಮತ್ತು ಮೊದಲ ರಾತ್ರಿ

ಕರೆತರಲು ಇಬ್ಬರು ಹೋಗಿ. ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ಹಿಂದೆ ನಾಯಿಯ ಜೊತೆ ಕೂರಲಿ. ಗಾಯದ ಬದಿ ಮೇಲಿರುವಂತೆ ಮಲಗಿಸಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಹಿಂಬದಿಗೆ ಕೊಟ್ಟು ಬೆನ್ನು ಮಟ್ಟಸವಾಗಿರುವಂತೆ ಎತ್ತಬೇಕು. ಕಂಕುಳಿಗೆ ಕೈಹಾಕಿ ಮಗುವನ್ನು ಎತ್ತುವಂತೆ ಎತ್ತಬೇಡಿ.

ಗಾಯವನ್ನು ಮೊದಲ ಬಾರಿ ಕಂಡಾಗ ಎದೆ ಝಲ್ಲೆನ್ನುತ್ತದೆ. ಅಗಲವಾಗಿ ಬೋಳಿಸಿದ ಚರ್ಮ, ಉದ್ದನೆಯ ಹೊಲಿಗೆಸಾಲು, ಕೆನ್ನೇರಳೆ ಬಣ್ಣ. ಅದನ್ನು ಆಸ್ಪತ್ರೆಯಲ್ಲೇ, ವೈದ್ಯರ ಎದುರಿನಲ್ಲೇ ನೋಡಿಬಿಡುವುದು ಒಳ್ಳೆಯದು. ಕೇಳಬೇಕಾದ್ದನ್ನು ಅಲ್ಲೇ ಕೇಳಬಹುದು, ಮತ್ತು "ಸರಿಯಾಗಿರುವ ಗಾಯ" ಹೇಗಿರುತ್ತದೆ ಎಂಬುದು ನಿಮ್ಮ ಕಣ್ಣಿಗೆ ಪಳಗುತ್ತದೆ. ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಮೊದಲ ರಾತ್ರಿ ನಿದ್ದೆ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ಅನೇಕ ನಾಯಿಗಳು ಏದುಸಿರು ಬಿಡುತ್ತವೆ, ಕುಂಯ್‌ಗುಡುತ್ತವೆ, ಶೂನ್ಯವನ್ನು ದಿಟ್ಟಿಸುತ್ತವೆ. ಇದೆಲ್ಲ ನೋವಿನಿಂದಲೇ ಎನ್ನಲಾಗದು. ಅಫೀಮಿನ ಜಾತಿಯ ಪ್ರಬಲ ನೋವುನಿವಾರಕಗಳು ಮತ್ತು ಅರಿವಳಿಕೆಯ ಉಳಿಕೆ ತಲೆಯಲ್ಲಿ ಗೊಂದಲ ಎಬ್ಬಿಸುತ್ತವೆ. ಯಾವುದು ಯಾವುದೆಂದು ಮನೆಯಲ್ಲಿ ಬಿಡಿಸಿ ಹೇಳುವುದು ಸುಲಭವಲ್ಲ, ಅದಕ್ಕೇ ರಾತ್ರಿ ಕರೆ ಮಾಡಬಹುದಾದ ಒಂದು ಸಂಖ್ಯೆಯನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಪಡೆದುಕೊಳ್ಳಿ. ನಾನು ಚುಕ್ಕಿಯ ಪಕ್ಕದಲ್ಲಿ ನೆಲದ ಮೇಲೆ ಮಲಗಿದ್ದೆ. ಅವಳಿಗೆ ಎಷ್ಟು ಉಪಯೋಗವಾಯಿತೋ ಕಾಣೆ, ಅವಳು ಎದ್ದಾಗೆಲ್ಲ ಎದ್ದು ಹಿಡಿದುಕೊಳ್ಳಲು ನನಗಂತೂ ಅನುಕೂಲವಾಯಿತು.

ಮೊದಲ ದಿನ ಊಟ ಮುಟ್ಟದಿದ್ದರೆ ಗಾಬರಿಯಾಗಬೇಕಿಲ್ಲ. ನೀರನ್ನು ಬಾಯಿಯ ಬಳಿಗೇ ತಂದಿಡಿ. ಎಂದಿನ ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಎಂದಿನ ಅಳತೆಯ ಕಾಲುಭಾಗ ಕೊಟ್ಟುನೋಡಿ. ರುಚಿಗೆಂದು ಮಾಂಸದ ತಿಳಿಸಾರು ಬೆರೆಸುವುದಾದರೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಬಾರದು, ಎರಡೂ ನಾಯಿಗೆ ವಿಷ. ಪೂರ್ತಿ ಎರಡು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಿ.

ಹೆಜ್ಜೆ 3: ನೋವಿನ ಔಷಧ, ಗಡಿಯಾರ ನೋಡಿಕೊಂಡು

ನೋವು ಕಂಡಾಗ ಮಾತ್ರೆ ಕೊಡುವುದಲ್ಲ, ನೋವು ಕಾಣದಂತೆ ಕೊಡುವುದು. ಒಂದು ಹಾಳೆಯಲ್ಲಿ ಔಷಧದ ಹೆಸರು, ಹೊತ್ತು, ಕೊಟ್ಟವರ ಸಹಿಗೆ ಒಂದು ಮನೆ, ಹೀಗೆ ಬರೆದು ಗೋಡೆಗೆ ಅಂಟಿಸಿ. ಮನೆಯಲ್ಲಿ ಇಬ್ಬರಿದ್ದರೆ ಒಂದೇ ಮಾತ್ರೆಯನ್ನು ಇಬ್ಬರೂ ಕೊಡುವ ಅಥವಾ ಇಬ್ಬರೂ ಮರೆಯುವ ಸಂಭವ ಖಂಡಿತ ಇದೆ.

ಹೆಚ್ಚಾಗಿ ಎರಡು ಮೂರು ಬಗೆಯ ಔಷಧಗಳು ಒಟ್ಟಿಗೆ ನಡೆಯುತ್ತವೆ. ಕಾರ್ಪ್ರೋಫೆನ್ ಅಥವಾ ಮೆಲಾಕ್ಸಿಕಾಮ್‌ನಂತಹ ಉರಿಯೂತ ತಗ್ಗಿಸುವ ಔಷಧ ಒಂದು, ನರದ ನೋವಿಗೆ ಗ್ಯಾಬಾಪೆಂಟಿನ್ ಇನ್ನೊಂದು. ಮೊದಲನೆಯದನ್ನು ಊಟದೊಂದಿಗೆ ಕೊಡುವುದು ಹೊಟ್ಟೆಗೆ ಒಳ್ಳೆಯದು. ಅದನ್ನು ತೆಗೆದುಕೊಳ್ಳುತ್ತಿರುವ ನಾಯಿ ವಾಂತಿ ಮಾಡಿಕೊಂಡರೆ, ಭೇದಿಯಾದರೆ, ಟಾರಿನಂತೆ ಕಪ್ಪು ಮಲ ಹಾಕಿದರೆ ಮುಂದಿನ ಮಾತ್ರೆ ಕೊಡದೆ ವೈದ್ಯರಿಗೆ ಕರೆ ಮಾಡಿ. ಇಂಥ ಔಷಧದ ಜೊತೆ ಸ್ಟೀರಾಯ್ಡ್ ಕೂಡದು. ಬೇರೆ ಕಾಯಿಲೆಗೆಂದು ಸ್ಟೀರಾಯ್ಡ್ ನಡೆಯುತ್ತಿದ್ದರೆ ಮೊದಲೇ ಹೇಳಿ. ಗ್ಯಾಬಾಪೆಂಟಿನ್ ತೂಕಡಿಕೆ ತರುತ್ತದೆ, ನಡಿಗೆ ಇನ್ನಷ್ಟು ಓಲಾಡಬಹುದು. ಮನುಷ್ಯರಿಗೆಂದು ಮಾರುವ ದ್ರವರೂಪದ ಗ್ಯಾಬಾಪೆಂಟಿನ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಅದು ನಾಯಿಯ ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ಸೀಸೆಯ ಮೇಲಿನ ಪಟ್ಟಿಯನ್ನು ಓದದೆ ಕೊಡಬೇಡಿ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್, ನಮ್ಮ ತಲೆನೋವಿನ ಯಾವ ಮಾತ್ರೆಯೂ ಬೇಡ. "ಅರ್ಧ ಮಾತ್ರೆ ತಾನೇ" ಎಂದು ಕೊಟ್ಟು ಹೊಟ್ಟೆಹುಣ್ಣು, ಮೂತ್ರಪಿಂಡದ ವೈಫಲ್ಯ ತಂದುಕೊಂಡ ನಾಯಿಗಳ ಕಥೆ ಯಾವ ಪಶುವೈದ್ಯರನ್ನು ಕೇಳಿದರೂ ಸಿಗುತ್ತದೆ.

ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯೊಂದಿಗೆ ಮನೆಗೆ ಕಳಿಸಿದ್ದರೆ ಅದರ ಮೇಲೆ ಶಾಖ ಕೊಡಬಾರದು. ಬಿಸಿಯಾದರೆ ಔಷಧ ಒಮ್ಮೆಲೇ ಒಳಗೆ ಇಳಿಯುತ್ತದೆ. ಮಕ್ಕಳ ಕೈಗಾಗಲಿ ನಾಯಿಯ ಬಾಯಿಗಾಗಲಿ ಸಿಗುವಂತಿರಬಾರದು. ಅವಧಿ ಮುಗಿದ ಪಟ್ಟಿಯಲ್ಲೂ ಔಷಧ ಉಳಿದಿರುವುದರಿಂದ ತೆಗೆದು ಬಿಸಾಡುವುದು ಹೇಗೆಂದು ವೈದ್ಯರನ್ನೇ ಕೇಳಿ.

ಇನ್ನು, ಇಲ್ಲದ ಕಾಲಿನ ನೋವು. ಸುಮ್ಮನೆ ಮಲಗಿದ್ದ ನಾಯಿ ಇದ್ದಕ್ಕಿದ್ದಂತೆ ಕಿರುಚಿ ಎದ್ದು, ಯಾರೋ ಚುಚ್ಚಿದಂತೆ ಗಾಯದ ಕಡೆ ತಿರುಗಿ ನೋಡುತ್ತದೆ. ಕತ್ತರಿಸಿದ ನರಗಳು ಎಬ್ಬಿಸುವ ಗಲಭೆ ಇದು ಎಂದು ತಿಳಿಯಲಾಗಿದೆ. ಯಾವ ಹೊತ್ತಿಗೆ, ಎಷ್ಟು ಸಲ ಆಯಿತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಸೆರೆಹಿಡಿದು ತೋರಿಸಿ. ಔಷಧದ ಪ್ರಮಾಣ ಬದಲಿಸಿದರೆ ಅಥವಾ ಇನ್ನೊಂದು ಸೇರಿಸಿದರೆ ಹೆಚ್ಚಾಗಿ ಹತೋಟಿಗೆ ಬರುತ್ತದೆ. ನಾಯಿ ಕೊಸರಾಡುತ್ತಿದೆ, ಹಟ ಮಾಡುತ್ತಿದೆ ಎಂದು ಗದರಿ ಸುಮ್ಮನಾಗಿಸುವ ವಿಷಯವಲ್ಲ ಇದು.

ಹೆಜ್ಜೆ 4: ಗಾಯವನ್ನು ದಿನಕ್ಕೆರಡು ಸಲ ನೋಡಿ, ಮುಟ್ಟುವುದು ಕಡಿಮೆ ಇರಲಿ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೇ ಬೆಳಕಿನಲ್ಲಿ ನೋಡಿ. ಮೂರನೆಯ ನಾಲ್ಕನೆಯ ದಿನ ಕಂದುಗಟ್ಟಿದ ಬಣ್ಣ ಮೊದಲಿಗಿಂತ ಗಾಢವಾಗಿ, ಹೊಟ್ಟೆಯ ಕಡೆಗೆ ಅಥವಾ ಉಳಿದ ಕಾಲಿನ ಕಡೆಗೆ ಇಳಿದಂತೆ ಕಂಡರೆ ಹೆದರಬೇಡಿ. ಒಳಗೆ ಸೋರಿದ ರಕ್ತ ಭೂಮಿಯ ಸೆಳೆತಕ್ಕೆ ಕೆಳಗಿಳಿಯುತ್ತದೆ, ಅಷ್ಟೆ. ಗಾಯದ ಕೆಳತುದಿಯಲ್ಲಿ ನೀರು ತುಂಬಿದ ಚೀಲದಂತೆ ಮೆತ್ತಗಿನ ಉಬ್ಬು ಬರಬಹುದು. ಸೆರೋಮಾ ಎನ್ನುವ ಇದು ಬಹಳ ಸಲ ತಾನಾಗಿಯೇ ಒಣಗುತ್ತದೆ. ಮನೆಯಲ್ಲಿ ಸೂಜಿ ಚುಚ್ಚಿ ನೀರು ತೆಗೆಯುವ ಸಾಹಸ ಮಾತ್ರ ಬೇಡ, ಸೋಂಕು ಒಳಹೊಗಲು ಅದಕ್ಕಿಂತ ನೇರ ದಾರಿ ಇಲ್ಲ.

ಮೊದಲ ಮೂರು ದಿನ ತಣ್ಣನೆಯ ಒತ್ತು ಊತಕ್ಕೂ ನೋವಿಗೂ ಒಳ್ಳೆಯದು. ಮಂಜುಗಡ್ಡೆಯ ಪೊಟ್ಟಣವನ್ನು ಒಣಬಟ್ಟೆಯಲ್ಲಿ ಸುತ್ತಿ, ಗಾಯದ ಮೇಲೆ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ನಡುವೆ ಒಮ್ಮೆ ಬಟ್ಟೆ ಸರಿಸಿ ಚರ್ಮವನ್ನು ನೋಡಿ. ಬೋಳಿಸಿದ ಚರ್ಮ ಬೇಗ ಶೀತಕ್ಕೆ ಸುಡುತ್ತದೆ. ಶಾಖ ಕೊಡುವುದು ಆ ನಂತರದ ಮಾತು, ಅದೂ ವೈದ್ಯರನ್ನು ಕೇಳಿ.

ಗಾಯಕ್ಕೆ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಪುಡಿ, ಎಣ್ಣೆ, ಮನೆಮದ್ದು ಏನನ್ನೂ ಹಚ್ಚಬೇಡಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಸ್ನಾನವೂ ಇಲ್ಲ. ಕುತ್ತಿಗೆಯ ಪ್ಲಾಸ್ಟಿಕ್ ಕೋನ್ ಅಷ್ಟೂ ದಿನ ಇರಲಿ. "ನಾನು ಪಕ್ಕದಲ್ಲೇ ಇದ್ದೇನಲ್ಲ" ಎಂದು ಅದನ್ನು ಕಳಚುವವರು, ಫೋನ್ ಬಂದು ಒಂದು ನಿಮಿಷ ಆಚೆ ತಿರುಗಿದಾಗ ನಾಯಿ ಮೂರು ಹೊಲಿಗೆ ಕಿತ್ತಿರುತ್ತದೆ. ಮೂರು ಕಾಲಿನಲ್ಲಿ ಆಗಲೇ ತೂಗಾಡುತ್ತಿರುವ ನಾಯಿಗೆ ಗಟ್ಟಿ ಕೋನ್ ಬಾಗಿಲಿಗೆ ತಾಗಿ ಬೀಳಿಸುತ್ತಿದ್ದರೆ ಬಟ್ಟೆಯ ಮೆತ್ತನೆಯ ಕೋನ್ ಅಥವಾ ಮೈಗಂಟುವ ಅಂಗಿಯ ಬಗ್ಗೆ ವಿಚಾರಿಸಿ. ಆದರೆ ಅದು ನಿಜವಾಗಿಯೂ ಗಾಯವನ್ನು ಬಾಯಿಗೆ ಸಿಗದಂತೆ ತಡೆಯುತ್ತದೆಯೇ ಎಂದು ಕಣ್ಣಾರೆ ನೋಡಿದ ಮೇಲೆ ನಂಬಿ.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಸಂಪರ್ಕಿಸಿ:

- ವಸಡು ಬಿಳಿಚಿಕೊಂಡಿರುವುದು, ನಾಯಿ ಕುಸಿದು ಬೀಳುವುದು
- ಗಾಯದಿಂದ ಹನಿಹನಿಯಾಗಿ ನಿಲ್ಲದ ರಕ್ತ, ಅಥವಾ ಊತ ಗಂಟೆಗಂಟೆಗೂ ಹಿಗ್ಗುವುದು
- ಹೊಲಿಗೆ ಬಾಯಿಬಿಟ್ಟಿರುವುದು, ಕೀವು, ದುರ್ವಾಸನೆ
- ಗುದದ್ವಾರದಲ್ಲಿ ನೋಡಿದ ಜ್ವರ 39.5 ಡಿಗ್ರಿ ಸೆಲ್ಸಿಯಸ್ ಮೀರುವುದು (ನಾಯಿಯ ಸಹಜ ತಾಪ ಸುಮಾರು 38.3ರಿಂದ 39.2)
- ನಿದ್ದೆಯಲ್ಲೂ ಇಳಿಯದ ಏದುಸಿರು
- 24 ಗಂಟೆ ಕಳೆದರೂ ಮೂತ್ರ ಮಾಡದಿರುವುದು

ಹೆಜ್ಜೆ 5: ಮಲಮೂತ್ರ

ಮಲ ಮೂರು ನಾಲ್ಕು ದಿನ ಬಾರದಿರಬಹುದು. ಶಸ್ತ್ರಚಿಕಿತ್ಸೆಯ ಉಪವಾಸ, ಕಡಿಮೆ ಊಟ, ಕರುಳನ್ನು ನಿಧಾನಗೊಳಿಸುವ ನೋವುನಿವಾರಕ, ಎಲ್ಲ ಸೇರಿದ ಪರಿಣಾಮ ಅದು. ಐದನೆಯ ದಿನವೂ ಇಲ್ಲವಾದರೆ ಕೇಳಿ.

ಹಿಂಗಾಲಿಲ್ಲದ ನಾಯಿಗೆ ಮಲವಿಸರ್ಜನೆಗೆ ಕುಕ್ಕರಿಸುವುದು ನಡೆಯುವುದಕ್ಕಿಂತ ಕಷ್ಟ. ಟವೆಲ್ಲನ್ನು ಹೊಟ್ಟೆಯಡಿ, ಹಿಂದೊಡೆಯ ಮುಂದೆ ಹಾದುಬರುವಂತೆ ಹಾಕಿ, ಎರಡೂ ತುದಿಗಳನ್ನು ಬೆನ್ನ ಮೇಲೆ ಹಿಡಿದು ನಿಲ್ಲಿ. ಗಂಡುನಾಯಿಯಾದರೆ ಟವೆಲ್ ಸ್ವಲ್ಪ ಮುಂದಿರಲಿ, ಇಲ್ಲದಿದ್ದರೆ ಮೂತ್ರದ ದಾರಿಗೇ ಅಡ್ಡ ಬರುತ್ತದೆ. ಎಳೆದೆತ್ತಬಾರದು. ನಾಯಿ ವಾಲಿದರೆ ಮಾತ್ರ ಟವೆಲ್ ಬಿಗಿಯಾಗಬೇಕು, ಉಳಿದಂತೆ ಸಡಿಲವಾಗಿಯೇ ಇರಬೇಕು. ನೀವು ಹೊತ್ತು ನಿಂತರೆ ಅದು ನಿಲ್ಲುವುದನ್ನು ಕಲಿಯುವುದು ತಡವಾಗುತ್ತದೆ. ಕೆಲವು ನಾಯಿಗಳು ಎರಡು ಹೆಜ್ಜೆ ನಡೆಯುತ್ತಲೇ ಮಲ ಹಾಕುವ ಹೊಸ ಉಪಾಯ ಕಂಡುಕೊಳ್ಳುತ್ತವೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ತಡೆಯುವ ಕಾರಣವೂ ಇಲ್ಲ.

ಹೆಜ್ಜೆ 6: ನಡಿಗೆ

ಬಹಳಷ್ಟು ನಾಯಿಗಳು ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನದಲ್ಲೇ ಎದ್ದು ಓಡಾಡುತ್ತವೆ. ಇಲ್ಲೊಂದು ವಿಚಿತ್ರ ಗಮನಿಸಿ. ಮೂರು ಕಾಲಿನ ನಾಯಿಗೆ ನಿಧಾನವಾಗಿ ನಡೆಯುವುದು ಕಷ್ಟ, ವೇಗವಾಗಿ ಸಾಗುವುದು ಸುಲಭ. ಕುಪ್ಪಳಿಕೆಗೆ ಓಟದ ರಭಸ ಬೇಕು, ಸೈಕಲ್ಲು ನಿಧಾನವಾದಷ್ಟೂ ಓಲಾಡುವಂತೆ. ಹಾಗಾಗಿ "ಮೆಲ್ಲಗೆ ಬಾ" ಎಂದು ಹಗ್ಗ ಜಗ್ಗಿದರೆ ಅದಕ್ಕೆ ಇನ್ನಷ್ಟು ಶ್ರಮ. ಹಗ್ಗ ಸಡಿಲ ಬಿಟ್ಟು, ಅದರ ಲಯಕ್ಕೆ ನಿಮ್ಮ ಹೆಜ್ಜೆ ಹಾಕಿ. ನಿಯಂತ್ರಿಸಬೇಕಾದ್ದು ವೇಗವನ್ನಲ್ಲ, ದೂರವನ್ನು.

ಮೊದಲ ಎರಡು ವಾರ ಐದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕೈದು ಸಲ, ಮಲಮೂತ್ರಕ್ಕೆ ಹೋಗಿಬರುವುದೂ ಇದರಲ್ಲೇ ಸೇರಿತು. ಉದ್ದನೆಯ ಒಂದು ನಡಿಗೆಗಿಂತ ಚಿಕ್ಕ ನಾಲ್ಕು ಮೇಲು. ನಾಯಿ ನಡುವೆ ಕುಳಿತರೆ ಕುಳಿತುಕೊಳ್ಳಲಿ, ಅದು ಹಟವಲ್ಲ, ದಣಿವು. ಕೊರಳಪಟ್ಟಿಗೆ ಹಗ್ಗ ಕಟ್ಟಬೇಡಿ, ವಿಶೇಷವಾಗಿ ಮುಂಗಾಲಿಲ್ಲದ ನಾಯಿಗೆ. ಕುತ್ತಿಗೆಯನ್ನೇ ತೂಗಿ ನಡೆಯುವ ಪ್ರಾಣಿಯ ಕುತ್ತಿಗೆಯನ್ನು ಎಳೆದರೆ ಅದು ಮುಗ್ಗರಿಸುತ್ತದೆ. ಎದೆಪಟ್ಟಿ ಗಾಯದ ಗೆರೆಯ ಮೇಲೆ ಉಜ್ಜದಂತೆ ನೋಡಿಕೊಳ್ಳಿ.

ತಿರುವುಗಳಲ್ಲಿ ಕಾಲಿಲ್ಲದ ಬದಿಗೆ ನೀವಿರಿ. ಬೀಳುವುದು ಸಾಮಾನ್ಯವಾಗಿ ಆ ಕಡೆಗೇ. ಬಿದ್ದರೆ ಅಯ್ಯೋ ಎಂದು ಚೀರಿ ಓಡಿ ಎತ್ತಿಕೊಳ್ಳುವ ಮುನ್ನ ಒಂದು ಕ್ಷಣ ತಡೆಯಿರಿ. ಹುಲ್ಲಿನ ಮೇಲೆ ಬಿದ್ದ ನಾಯಿ ಬಹುಮಟ್ಟಿಗೆ ತಾನೇ ಎದ್ದು ಮುಂದೆ ಹೋಗುತ್ತದೆ. ಮುಜುಗರ ಪಡುವವರು ನಾವು.

ಎರಡನೆಯ ವಾರದ ಗೆಲುವು

ಎಂಟನೆಯ ಒಂಬತ್ತನೆಯ ದಿನ ಎದ್ದುನೋಡಿದರೆ ನಾಯಿ ಬಾಲವಾಡಿಸುತ್ತಾ ಚೆಂಡು ತಂದು ಕಾಲಬಳಿ ಇಟ್ಟಿರುತ್ತದೆ. ಮನೆಮಂದಿಗೆಲ್ಲ ಸಂಭ್ರಮ. ಕಾಲು ಮುರಿದ ದಿನದಿಂದಲೋ ಗಡ್ಡೆ ಬಂದ ದಿನದಿಂದಲೋ ತಿಂಗಳುಗಟ್ಟಲೆ ನೋವುಂಡ ಪ್ರಾಣಿಗೆ ನೋವಿನ ಮೂಲವೇ ಹೋದಾಗ ಹೀಗೆ ಹುರುಪು ಬರುವುದು ಸಹಜ. ಇದರ ಜೊತೆಗೆ ನೀವು ಕೊಡುತ್ತಿರುವ ಮಾತ್ರೆಗಳೂ ಕೆಲಸ ಮಾಡುತ್ತಿವೆ. ಆದರೆ ಚರ್ಮದ ಕೆಳಗಿನ ಸ್ನಾಯುಪದರಗಳು ಇನ್ನೂ ಹಸಿ. ಉಳಿದ ಕಾಲುಗಳ ಸ್ನಾಯುಗಳಿಗೆ ಹೊಸ ಭಾರ ಹೊತ್ತ ಅನುಭವ ಇನ್ನೂ ಒಂದು ವಾರದ್ದು ಮಾತ್ರ. ಈಗ ಒಂದು ಜಿಗಿತ, ಒಂದು ಬಿರುಸಿನ ತಿರುವು ಹೊಲಿಗೆಯನ್ನು ಬಿಚ್ಚಬಹುದು, ಇಲ್ಲವೇ ಉಳಿದ ಮಂಡಿಯ ಕಟ್ಟನ್ನು ಹರಿಯಬಹುದು. ಉಳಿದ ಒಂದೇ ಹಿಂಗಾಲಿನ ಮಂಡಿಗೆ ಪೆಟ್ಟಾದರೆ ಮುಂದೇನು ಎಂಬುದನ್ನು ಯೋಚಿಸಿದರೆ ಚೆಂಡನ್ನು ಎತ್ತಿ ಕಪಾಟಿನಲ್ಲಿಡಲು ಮನಸ್ಸು ಗಟ್ಟಿಯಾಗುತ್ತದೆ.

ಆದ್ದರಿಂದ ಗೇಟು ಹಾಗೆಯೇ ಇರಲಿ, ಹಾಸುಗಳು ಹಾಗೆಯೇ ಇರಲಿ, ಐದು ನಿಮಿಷ ಐದೇ ನಿಮಿಷವಾಗಿರಲಿ. ಮಾತ್ರೆಗಳನ್ನು ನಿಲ್ಲಿಸುವುದು ವೈದ್ಯರು ಹೇಳಿದ ದಿನ. ಗ್ಯಾಬಾಪೆಂಟಿನ್ ಬಹುಕಾಲ ನಡೆದಿದ್ದರೆ ಒಮ್ಮೆಲೇ ಬಿಡದೆ ಮೆಟ್ಟಿಲಿಳಿಸುತ್ತಾ ಬಿಡಬೇಕು. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಭೇಟಿ ಹಗ್ಗದಲ್ಲಿ, ಕುಳಿತಲ್ಲೇ ಮೂಸಿಕೊಳ್ಳುವಷ್ಟಕ್ಕೆ ಸೀಮಿತವಾಗಿರಲಿ.

ಓಡಾಟವಿಲ್ಲದ ನಾಯಿಗೆ ಬೇಸರ ಬರುವುದು ನಿಶ್ಚಿತ, ಮತ್ತು ಬೇಸರ ಬಂದ ನಾಯಿ ಹೊಲಿಗೆಯ ಕಡೆ ಗಮನ ಕೊಡುತ್ತದೆ. ಅದರ ಮೂಗಿಗೆ ಕೆಲಸ ಕೊಡಿ. ಒಂದು ಹೊತ್ತಿನ ಊಟವನ್ನು ಮಡಚಿದ ಟವೆಲ್ಲಿನೊಳಗೆ ಚದುರಿಸಿಟ್ಟು ಹುಡುಕಲು ಬಿಡಿ. ಟೊಳ್ಳು ರಬ್ಬರ್ ಆಟಿಕೆಯಲ್ಲಿ ಒದ್ದೆ ಆಹಾರ ತುಂಬಿ ಹೆಪ್ಪುಗಟ್ಟಿಸಿ ಕೊಟ್ಟರೆ ಅರ್ಧ ಗಂಟೆ ಮಲಗಿದಲ್ಲೇ ನೆಕ್ಕುತ್ತಿರುತ್ತದೆ. ಮುಂಗಾಲಿಲ್ಲದಿದ್ದರೆ ಆಟಿಕೆ ಉರುಳಿಹೋಗದಂತೆ ಅಗಲ ಬಟ್ಟಲಿನಲ್ಲಿಡಿ, ಒಂದೇ ಪಾದದಲ್ಲಿ ಒತ್ತಿ ಹಿಡಿಯುವುದು ಅದಕ್ಕಿನ್ನೂ ಬಾರದು.

ಹೆಜ್ಜೆ 7: ಹೊಲಿಗೆ ಬಿಚ್ಚಿದ ಮೇಲೆ ಮೈಯನ್ನು ಕಟ್ಟುವುದು

ವೈದ್ಯರು ಒಪ್ಪಿದ ಮೇಲೆ ನಡಿಗೆಯನ್ನು ವಾರಕ್ಕೆ ಒಂದೆರಡು ನಿಮಿಷದ ಲೆಕ್ಕದಲ್ಲಿ ಹಿಗ್ಗಿಸಿ. ಮರುದಿನ ಬೆಳಿಗ್ಗೆ ನಾಯಿ ಏಳಲು ತಡಮಾಡಿದರೆ ಹಿಂದಿನ ದಿನ ಹೆಚ್ಚಾಯಿತೆಂದು ಅರ್ಥ. ಹಳೆಯ ಅಳತೆಗೆ ಹಿಂದಿರುಗಿ.

ನಡಿಗೆಯೊಂದೇ ಸಾಲದು. ನಾಯಿ ನಿಂತಿರುವಾಗ ತಿನಿಸನ್ನು ಮೂಗಿನಿಂದ ನಿಧಾನವಾಗಿ ಭುಜದ ಕಡೆಗೆ, ಆಮೇಲೆ ಸೊಂಟದ ಕಡೆಗೆ ಒಯ್ಯಿರಿ. ಪಾದ ಕದಲಿಸದೆ ಅದು ಕತ್ತು ತಿರುಗಿಸುವಾಗ ಬೆನ್ನು, ಪಕ್ಕೆಗಳ ಸ್ನಾಯುಗಳು ದುಡಿಯುತ್ತವೆ. ಕುಳಿತಲ್ಲಿಂದ ಏಳುವುದು, ಮತ್ತೆ ಕೂರುವುದು, ಹಿಡಿತವಿರುವ ಹಾಸಿನ ಮೇಲೆ ಐದು ಸಲ ಮಾಡಿಸಿ. ಅದು ಸಲೀಸಾದ ಮೇಲೆ ಗಟ್ಟಿ ದಿಂಬಿನ ಮೇಲೆ ಮುಂಗಾಲಿಟ್ಟು ಹತ್ತು ಸೆಕೆಂಡು ನಿಲ್ಲಿಸಬಹುದು. ನೆಲದ ಮೇಲೆ ಒಂದಡಿ ಒಂದೂವರೆ ಅಡಿ ಅಂತರದಲ್ಲಿ ಕೋಲುಗಳನ್ನಿಟ್ಟು ದಾಟಿಸುವುದು ಕೊನೆಗೆ ಬರಲಿ. ನಾಯಿಗಳ ವ್ಯಾಯಾಮ ಚಿಕಿತ್ಸಕರು ಕೈಗೆಟಕುವಂತಿದ್ದರೆ ಒಂದೆರಡು ಸಲ ತೋರಿಸಿ, ನಿಮ್ಮ ನಾಯಿ ಯಾವ ಸ್ನಾಯುವನ್ನು ಅತಿಯಾಗಿ ದುಡಿಸುತ್ತಿದೆ ಎಂಬುದನ್ನು ಅವರ ಕೈ ಬೇಗ ಪತ್ತೆಹಚ್ಚುತ್ತದೆ. ನೀರಿನಲ್ಲಿ ನಡೆಸುವುದು ಒಳ್ಳೆಯ ವ್ಯಾಯಾಮ, ಗಾಯ ಪೂರ್ತಿ ಕೂಡಿದ ಮೇಲೆ. ಈಜು ಬರುತ್ತಿದ್ದ ನಾಯಿಗೂ ಮೊದಮೊದಲು ತೇಲುವ ಅಂಗಿ ತೊಡಿಸಿ, ಏಕೆಂದರೆ ಅದು ಈಗ ಒಂದೇ ಬದಿಗೆ ಸುತ್ತುತ್ತದೆ.

ಸಂಜೆ ಹೊತ್ತು ಮಲಗಿದಾಗ ಭುಜ, ಬೆನ್ನಿನ ಎರಡೂ ಪಕ್ಕ, ಉಳಿದ ಕಾಲಿನ ತೊಡೆಯನ್ನು ಅಂಗೈಯಿಂದ ಮೆಲ್ಲಗೆ ನೀವಿ. ಗಂಟುಗಟ್ಟಿದ ಜಾಗ ಬೆರಳಿಗೆ ಸಿಗುತ್ತದೆ. ಅಲ್ಲಿ ಮುಟ್ಟಿದಾಗ ಚರ್ಮ ಅದುರಿದರೆ ಅಥವಾ ತಲೆ ತಿರುಗಿಸಿ ನೋಡಿದರೆ ಒತ್ತದೆ ಬಿಡಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ.

ತೂಕ

ಕನಿಕರ ಹೆಚ್ಚಾಗಿ ಬಟ್ಟಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಓಡಾಟ ಅರ್ಧವಾಗಿದೆ, ತಿನಿಸು ದುಪ್ಪಟ್ಟಾಗಿದೆ, ಭಾರ ಹೊರುವ ಕಾಲು ಒಂದು ಕಡಿಮೆಯಾಗಿದೆ. ಪಕ್ಕೆಲುಬುಗಳು ಕಣ್ಣಿಗೆ ಕಾಣಬಾರದು, ಬೆರಳಾಡಿಸಿದರೆ ಸುಲಭವಾಗಿ ಸಿಗಬೇಕು. ಮೇಲಿನಿಂದ ನೋಡಿದರೆ ನಡು ಸಣ್ಣಗಿರಬೇಕು. ತಕ್ಕಡಿಯ ಹಳೆಯ ಅಂಕಿಯನ್ನು ಗುರಿಯಾಗಿಟ್ಟುಕೊಳ್ಳಬೇಡಿ, ಅದರಲ್ಲಿ ಹೋದ ಕಾಲಿನ ತೂಕವೂ ಇತ್ತು. ತರಬೇತಿಯ ತಿನಿಸನ್ನು ದಿನದ ಊಟದಿಂದಲೇ ಕಳೆಯಿರಿ.

ಕಾಲು ಹೋದದ್ದು ಕ್ಯಾನ್ಸರಿನಿಂದಾದರೆ

ದೊಡ್ಡ ತಳಿಯ ನಾಯಿಗಳಲ್ಲಿ ಕಾಲು ತೆಗೆಯಲು ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಒಂದು ದೊಡ್ಡ ಕಾರಣ. ಶಸ್ತ್ರಚಿಕಿತ್ಸೆ ಅಲ್ಲಿ ನೋವಿನ ಮೂಲವನ್ನು ತೆಗೆಯುತ್ತದೆ. ರೋಗದ ಕಣಗಳು ಆ ವೇಳೆಗೆ ಶ್ವಾಸಕೋಶ ಸೇರಿರುವುದು ಸಾಮಾನ್ಯವಾದ್ದರಿಂದ ಕೀಮೋಥೆರಪಿಯ ಸಲಹೆ ಬರುತ್ತದೆ, ಅದು ಹೆಚ್ಚಾಗಿ ಹೊಲಿಗೆ ಬಿಚ್ಚುವ ಹೊತ್ತಿಗೆ ಶುರುವಾಗುತ್ತದೆ. ಔಷಧ ಕೊಟ್ಟ ನಂತರದ ಕೆಲವು ದಿನ ಮಲಮೂತ್ರವನ್ನು ಕೈಗವಸು ಹಾಕಿ ತೆಗೆಯಿರಿ, ಗರ್ಭಿಣಿಯರು ಆ ಕೆಲಸಕ್ಕೆ ಬರುವುದು ಬೇಡ. ಎದೆಯ ಎಕ್ಸ್‌ರೇಗಳ ವೇಳಾಪಟ್ಟಿಯನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಇಂಥ ನಾಯಿಯ ಜೊತೆ ಉಳಿದಿರುವ ಕಾಲ ಎಷ್ಟೆಂದು ಕೇಳಲು ಹಿಂಜರಿಯಬೇಡಿ, ಅದರ ಮೇಲೆ ನಿಮ್ಮ ಎಷ್ಟೋ ನಿರ್ಧಾರಗಳು ನಿಂತಿರುತ್ತವೆ.

ವರುಷಗಳ ಲೆಕ್ಕದಲ್ಲಿ

ಗಾಯ ಕೂಡಿ ಕೂದಲು ಬೆಳೆಯಲು ಕೆಲವು ತಿಂಗಳು ಹಿಡಿಯುತ್ತದೆ. ಆಮೇಲೆ ಗಮನ ಉಳಿದ ಕೀಲುಗಳ ಮೇಲಿರಲಿ. ಆರು ತಿಂಗಳಿಗೊಮ್ಮೆ ವೈದ್ಯರು ಅವನ್ನು ಮುಟ್ಟಿ, ಮಡಚಿ ನೋಡಲಿ. ಉಗುರುಗಳು ಮೊದಲಿನಂತೆ ಸಮವಾಗಿ ಸವೆಯುವುದಿಲ್ಲ, ತಿಂಗಳಿಗೊಮ್ಮೆ ನೋಡಿ ಕತ್ತರಿಸಿ. ಸದಾ ಒಂದೇ ಬದಿಗೆ ಮಲಗುವ ನಾಯಿಯ ಮೊಣಕೈಯಲ್ಲಿ ಚರ್ಮ ದಡ್ಡುಗಟ್ಟಿ ಒಡೆಯುತ್ತದೆ, ಅಲ್ಲಿ ಹಾಸಿಗೆ ಇನ್ನಷ್ಟು ದಪ್ಪ ಬೇಕು. ಹಾಸುಗಳನ್ನು ಎತ್ತಿಡುವ ಯೋಚನೆ ಬೇಡ. ನಮ್ಮ ಮನೆಯಲ್ಲಿ ಅವು ಇಂದಿಗೂ ಹಾಸಿಯೇ ಇವೆ, ಬಂದವರು ಎಡವುತ್ತಾರೆ, ಚುಕ್ಕಿ ಎಡವುವುದಿಲ್ಲ.

ಹಿಂಗಾಲು ಹೋದ ನಾಯಿಗೆ ಇನ್ನೊಂದು ತೊಂದರೆಯಿದೆ, ಅದನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಆ ಬದಿಯ ಕಿವಿಯನ್ನು ಕೆರೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ತಲೆ ವಾಲಿಸಿ, ಕಣ್ಣು ಅರೆಮುಚ್ಚಿ, ಮೋಟಿನ ಸ್ನಾಯುಗಳನ್ನು ಪಟಪಟನೆ ಅದುರಿಸುತ್ತದೆ, ಕಿವಿಗೆ ಏನೂ ತಾಗುವುದಿಲ್ಲ. ಕೊಳೆಯೂ ಆ ಕಿವಿಯಲ್ಲೇ ಹೆಚ್ಚು ಸೇರಬಹುದು, ವಾರಕ್ಕೊಮ್ಮೆ ಒಳಗೆ ನೋಡಿ. ಮತ್ತು ಆ ಸ್ನಾಯು ಅದುರುವುದು ಕಂಡಾಗಲೆಲ್ಲ ಮಾಡುತ್ತಿರುವ ಕೆಲಸ ಬಿಟ್ಟು ಹೋಗಿ, ಕಿವಿಯ ಹಿಂದೆ, ಬುಡದಲ್ಲಿ, ಅದು ಸಾಕೆನ್ನುವವರೆಗೆ ಕೆರೆಯಿರಿ.